ಮೋರಿಯೊಳಗಿನ ಪವರ್

ನಾನು ಆರನೆಯ ತರಗತಿಯ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಬಳ್ಳಾರಿಯ ನನ್ನ ಸೋದರಮಾವ ಒಂದು ಟಿವಿ ಗೇಮ್ ತಂದುಕೊಟ್ಟ. ತೊಂಬತ್ತರ ದಶಕದ ಮೊದಲ ವರ್ಷಗಳವು. ಹೊಸಪೇಟೆಯ ನಮ್ಮ ಓಣಿಯಲ್ಲಿ ಟಿವಿ ಇದ್ದ ಮನೆಗಳು ಕೆಲವಿದ್ದವು. ಆದರೆ ಟಿವಿಯೊಳಗಿನ ಮನುಷ್ಯನನ್ನು ಹೊರಗೆ ಕೂತು ಬೆರಳಿನಿಂದ ಓಡಿಸುವ ಪೆಟ್ಟಿಗೆ ನಮ್ಮಲ್ಲಿ ಮಾತ್ರ ಇತ್ತು.

ಆಟ ಹೀಗೆ. ಹಸಿರು ಅಂಗಿಯ ಗಿಡ್ಡ ಮನುಷ್ಯನೊಬ್ಬ ಎಡದಿಂದ ಬಲಕ್ಕೆ ಓಡುತ್ತಾನೆ. ದಾರಿಯಲ್ಲಿ ಗುಂಡಿ, ಮುಳ್ಳುಹಂದಿ, ಮೇಲಿನಿಂದ ಉರುಳಿ ಬರುವ ಬಂಡೆ. ತಾಗಿದರೆ ಸತ್ತ. ಆದರೆ ಕೆಲವು ಗೋಡೆಗಳನ್ನು ಅವನು ಒದ್ದರೆ ಅದರೊಳಗಿಂದ ಹೊಳೆಯುವ ಒಂದು ಕಲ್ಲು ಹೊರಗೆ ಬೀಳುತ್ತದೆ. ಅದನ್ನು ಹಿಡಿದ ಕೂಡಲೇ ಅವನು ಎತ್ತರವಾಗಿ, ಮೈಯೆಲ್ಲ ಮಿಣಮಿಣ ಅನ್ನತೊಡಗುತ್ತಾನೆ. ಸಂಗೀತದ ಓಟ ಹೆಚ್ಚುತ್ತದೆ. ಆ ಸಂಗೀತ ಮುಗಿಯುವ ತನಕ ಯಾವ ಮುಳ್ಳೂ ಯಾವ ಬಂಡೆಯೂ ಅವನನ್ನು ಏನೂ ಮಾಡಲಾರದು. ಆ ಕಲ್ಲಿಗೆ ಪೆಟ್ಟಿಗೆಯ ಮೇಲೆ ಏನೋ ಹೆಸರಿತ್ತು, ಚೀನಾದ ಅಕ್ಷರ, ನಮಗೆ ಓದಲು ಬರುತ್ತಿರಲಿಲ್ಲ. ನಾವು ಅದನ್ನು ಪವರ್ ಎಂದು ಕರೆದೆವು. ಒಂದು ಸಂಗತಿ ಮಾತ್ರ ಆಡಿದವರಿಗೆಲ್ಲ ಬೇಗ ತಿಳಿಯುತ್ತಿತ್ತು: ಪವರ್ ಇದ್ದರೂ ಗುಂಡಿಗೆ ಬಿದ್ದರೆ ಸಾವೇ.

ಈ ಆಟವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು ನನ್ನ ಗೆಳತಿ. ನಮ್ಮ ಓಣಿಯ ಕೊನೆಯಲ್ಲಿ, ಕಾಲುವೆಯ ಪಕ್ಕದ ಬಾಡಿಗೆ ಮನೆಯಲ್ಲಿ ಅವಳು ಮತ್ತು ಅವಳ ಅವ್ವ ಇದ್ದರು. ಅಪ್ಪ ಸಂಡೂರಿನ ಗಣಿಯಿಂದ ಹೊಸಪೇಟೆಯ ರೈಲ್ವೆ ಸೈಡಿಂಗಿಗೆ ಅದಿರು ಸಾಗಿಸುವ ಲಾರಿಯ ಡ್ರೈವರ್. ಮನೆಗೆ ಬರುವುದು ಭಾನುವಾರಕ್ಕೊಮ್ಮೆ, ಅದೂ ಬಂದರೆ ಬಂದ. ಅವಳೂ ನಾನೂ ಒಂದೇ ಶಾಲೆ, ಒಂದೇ ಬೆಂಚು. ಆದರೆ ನಮ್ಮ ಮನೆಯಲ್ಲಿ ಅವಳು ಹೊಸ್ತಿಲು ದಾಟುವಂತಿರಲಿಲ್ಲ.

ಅದು ಅಜ್ಜಿಯ ಕಟ್ಟಳೆ. ಅಜ್ಜಿ ಅಂದರೆ ನನ್ನ ಅಪ್ಪನ ತಾಯಿ. ಹಂಪಿಯ ಅರ್ಚಕರ ಮನೆಯ ಮಗಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಕೆಂಪು ಸೀರೆಯ ಕಚ್ಚೆ, ತಲೆಯ ಮೇಲೆ ಸೆರಗು, ಬೆಳಗಿನಿಂದ ಮಧ್ಯಾಹ್ನದ ಊಟದ ತನಕ ಮಡಿ. ಆ ಹೊತ್ತಿನಲ್ಲಿ ನಾನು ಕೂಡ ಅವಳನ್ನು ಮುಟ್ಟುವಂತಿರಲಿಲ್ಲ. ಅಪ್ಪ ಕಂಪ್ಲಿಯ ಬ್ಯಾಂಕಿನಲ್ಲಿದ್ದ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಅವನು ಮನೆಯೊಳಗಿನ ಯಾವ ಕಟ್ಟಳೆಗೂ ಬಾಯಿ ಹಾಕುತ್ತಿರಲಿಲ್ಲ. ಅಮ್ಮನಿಗೆ ಮುಜುಗರವಾಗುತ್ತಿತ್ತು, ಆದರೆ ಅತ್ತೆಯ ಎದುರು ಅವಳ ದನಿ ಏಳುತ್ತಿರಲಿಲ್ಲ.

ಗೆಳತಿ ತಾನೇ ದಾರಿ ಹುಡುಕಿಕೊಂಡಳು. ಟಿವಿ ಇದ್ದದ್ದು ಪಡಸಾಲೆಯಲ್ಲಿ, ಕಿಟಕಿಗೆ ಎದುರಾಗಿ. ಗೇಮಿನ ರಿಮೋಟಿಗೆ ಉದ್ದನೆಯ ವೈರ್ ಇತ್ತು. ಅದನ್ನು ಕಿಟಕಿಯ ಸರಳುಗಳ ನಡುವೆ ಹೊರಗೆ ಎಳೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಮಂಡಿಯೂರಿ ಕೂತು, ಸರಳಿಗೆ ಹಣೆ ಹಚ್ಚಿ ಆಡುತ್ತಿದ್ದಳು. ಆಡಿ ಎದ್ದಾಗ ಅವಳ ಹಣೆಯ ಮೇಲೆ ಕಬ್ಬಿಣದ ಗೆರೆ ಮೂಡಿರುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಗುತ್ತಿತ್ತು. ಹೋದರೆ ಆಟ ಅಳಿಸಿಹೋಗಿ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಊಟವಾದ ಮೇಲಿನ ಆ ಹೊತ್ತು ನಮಗೆ ಉಸಿರು ಬಿಗಿಹಿಡಿಯುವ ಹೊತ್ತು. ಮೂರನೆಯ ಹಂತದಲ್ಲಿ ಕತ್ತಲೆಯ ಒಂದು ಸುರಂಗವಿತ್ತು. ಅದರ ಕೊನೆಯಲ್ಲಿ ಒಂದರ ಹಿಂದೊಂದು ಬಂಡೆಗಳು ಉರುಳಿ ಬರುತ್ತಿದ್ದವು, ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ನಾನು ಅಲ್ಲಿ ಎಷ್ಟು ಸಲ ಸತ್ತೆನೋ. ಗೆಳತಿ ಒಂದು ದಿನ ಬಂಡೆಗಳ ಕಡೆ ಹೋಗದೆ, ಸುರಂಗದ ಗೋಡೆಯನ್ನೇ ಅಡಿಯಡಿಗೂ ಒದೆಯುತ್ತ ನಡೆದಳು. ಕರೆಂಟ್ ಹೋಗುವ ಹೊತ್ತು ಹತ್ತಿರ ಬಂದಿತ್ತು. ಮುಂದೆ ಹೋಗು ಎಂದು ನಾನು ಒಳಗಿನಿಂದ ಗೋಗರೆಯುತ್ತಿದ್ದೆ. ಅವಳು ಕೇಳಲಿಲ್ಲ. ಯಾವ ಗುರುತೂ ಇಲ್ಲದ ಒಂದು ಕಡೆ ಒದ್ದಾಗ ಗೋಡೆ ಬಿರಿದು ಕಲ್ಲು ಉರುಳಿತು. ಗಿಡ್ಡ ಮನುಷ್ಯ ಬೆಳೆದ. ಎದುರು ಬಂದ ಬಂಡೆಗಳು ಅವನಿಗೆ ತಾಗಿ ಪುಡಿಪುಡಿಯಾದವು.

ಆಗ ಹಿಂದಿನಿಂದ ಅಜ್ಜಿಯ ದನಿ ಬಂತು. ಅವಳು ನಡುಮನೆಯ ಬಾಗಿಲಲ್ಲಿ ಜಪಮಣಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಅದು ಸಿಕ್ಕರ ಸಾಯೂದಿಲ್ಲೇನು?" ಎಂದು ಕೇಳಿದಳು.

ಗೆಳತಿ ಕಣ್ಣು ಕದಲಿಸದೆ ಕಿಟಕಿಯಿಂದಲೇ ಉತ್ತರ ಕೊಟ್ಟಳು. "ಹಾಡು ಮುಗಿಯೂತನಕ ಸಾಯಂಗಿಲ್ರಿ ಅಮ್ಮಾರ."

"ಅಷ್ಟು ಸ್ವಲ್ಪ ಹೊತ್ತಿಗೆ ಇಷ್ಟು ಬಡದಾಟ" ಎಂದು ಅಜ್ಜಿ ಒಳಗೆ ಹೋದಳು. ಆದರೆ ಮಾರನೆಯ ದಿನವೂ ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಳು, ಅದರ ಮಾರನೆಯ ದಿನವೂ.

ಕರೆಂಟ್ ಹೋದ ಮೇಲೆ ನಾವು ಕಾಲುವೆಗೆ ಹೋಗುತ್ತಿದ್ದೆವು. ಬೇಸಿಗೆಯಲ್ಲಿ ದುರಸ್ತಿಗೆಂದು ನೀರು ನಿಲ್ಲಿಸುತ್ತಿದ್ದರು. ಉಳಿದ ತಿಂಗಳೆಲ್ಲ ತುಂಬಿ ಹರಿಯುವ ಕಾಲುವೆ ಆಗ ಒಣಗಿ ಬಿರುಕುಬಿಟ್ಟ ಹೂಳು, ಕಲ್ಲು, ಹಂದಿಗಳ ಹಿಂಡು. ಓಣಿಯ ಹುಡುಗಿಯರೆಲ್ಲ ಸೇರಿ ಟಿವಿಯ ಆಟವನ್ನು ಅಲ್ಲಿಗೆ ಇಳಿಸಿಕೊಂಡೆವು. ಸ್ನಾನಘಟ್ಟದ ಮೆಟ್ಟಿಲಿನಿಂದ ಓಟ ಶುರು. ಉಳಿದವರು ಮುಳ್ಳುಹಂದಿ, ಬಂಡೆ. ಬಟ್ಟೆಯ ಚೆಂಡಿನಿಂದ ಹೊಡೆಯುವವರು. ಸ್ವಲ್ಪ ಕೆಳಗೆ ಸಂಡೂರು ಕಡೆಯ ಲಾರಿಗಳು ಹೋಗುವ ರಸ್ತೆ ಕಾಲುವೆಯನ್ನು ದಾಟುತ್ತಿತ್ತು. ರಸ್ತೆಯ ಅಡಿಯಲ್ಲಿ ಹಳೆಯ ಕಾಲದ ಕಲ್ಲಿನ ಮೋರಿ. ಬಾಯಿ ತಗ್ಗು, ಒಳಗೆ ಹೋದಂತೆ ಎತ್ತರ, ಎತ್ತಿನ ಗಾಡಿ ನಿಲ್ಲುವಷ್ಟು ಅಗಲ, ನಡು ಹಗಲಿನಲ್ಲೂ ಕತ್ತಲೆ. ಅದರ ನಡುಮಧ್ಯದಲ್ಲಿ, ಗೋಡೆಯ ಒಂದು ಕಲ್ಲು ಬಿದ್ದುಹೋಗಿ ಗೂಡಿನಂಥ ಸಂದು ಇತ್ತು. ಪವರ್ ಇರುತ್ತಿದ್ದದ್ದು ಅಲ್ಲಿ.

ನಮ್ಮ ಪವರ್ ಒಂದು ಅದಿರಿನ ಕಲ್ಲು. ರಸ್ತೆಯಲ್ಲಿ ಲಾರಿಯಿಂದ ಉದುರಿದ ಕೆಂಪು ಕಲ್ಲುಗಳು ಬೇಕಾದಷ್ಟಿದ್ದವು. ಇದು ಅಂಥದ್ದಲ್ಲ. ಗೆಳತಿಯ ಅಪ್ಪ ಯಶವಂತನಗರದ ಕಡೆಯ ಗಣಿಯಿಂದ ಆರಿಸಿ ತಂದುಕೊಟ್ಟದ್ದು. ಮುಷ್ಟಿಗಿಂತ ದೊಡ್ಡದು, ಒಂದು ಮಗ್ಗುಲು ಕನ್ನಡಿಯ ಹಾಗೆ ಕರ್ರಗೆ ಹೊಳೆಯುತ್ತಿತ್ತು, ಬಿಸಿಲಿಗೆ ಹಿಡಿದರೆ ಕಿಡಿ ಹಾರಿದಂತೆ. ಕೈಗೆ ತೆಗೆದುಕೊಂಡರೆ ಅಂದಾಜು ತಪ್ಪುವಷ್ಟು ಭಾರ. ಅವಳು ಬೇರೆ ಯಾವ ವಸ್ತುವನ್ನೂ ಹಾಗೆ ಜೋಪಾನ ಮಾಡಿದ್ದನ್ನು ನಾನು ನೋಡಿಲ್ಲ. ಅದನ್ನು ಆಟಕ್ಕೆ ಕೊಟ್ಟಿದ್ದಳು, ಆದರೆ ಮನೆಗೆ ಯಾರೂ ಒಯ್ಯುವಂತಿರಲಿಲ್ಲ, ಅವಳೂ ಒಯ್ಯುತ್ತಿರಲಿಲ್ಲ. ಪವರ್ ಅದರ ಜಾಗದಲ್ಲೇ ಇರಬೇಕು ಎನ್ನುತ್ತಿದ್ದಳು.

ಟಿವಿಯ ಹಾಡು ನಮ್ಮಲ್ಲಿ ಇರಲಿಲ್ಲವಲ್ಲ, ಅದಕ್ಕೆ ಹುತುತು ಆಟದ ಉಸಿರನ್ನು ಸೇರಿಸಿಕೊಂಡೆವು. ಕಲ್ಲು ಹಿಡಿದವಳು ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತ ಮೋರಿಯ ಆಚೆ ಬಾಯಿಂದ ಓಡಿ ಹೊರಬರಬೇಕು. ಉಸಿರು ಇರುವ ತನಕ ಯಾರೂ ಅವಳನ್ನು ಹೊಡೆಯುವಂತಿಲ್ಲ. ನನ್ನ ಉಸಿರು ಮೋರಿಯ ಬಾಯಿಗೇ ಮುಗಿಯುತ್ತಿತ್ತು. ಗೆಳತಿಯದು ಮಲಪನಗುಡಿ ಕಡೆಯ ಹೊಲದ ದಾರಿ ಕಾಣುವ ತನಕ ಇರುತ್ತಿತ್ತು. ಸಂಜೆ ಗಾಳಿಗೆಂದು ಕಾಲುವೆಯ ಕಟ್ಟೆಗೆ ಬರುತ್ತಿದ್ದ ಅಜ್ಜಿ ಇದನ್ನೂ ನೋಡಿದ್ದಳು. ಕೆಳಗಿಳಿದು ಆಡುವ ನಮ್ಮನ್ನು ಒಂದೆರಡು ಸಲ ಬೈದಿದ್ದಳು. ಬೈದು ಅಲ್ಲೇ ಕೂತು ನೋಡಿದ್ದಳು.

ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಕಾಲುವೆಗೆ ನೀರು ಬಿಡುತ್ತಾರೆ, ದನಕರು ಮಕ್ಕಳನ್ನು ಇಳಿಸಬೇಡಿ ಎಂದು ಜೀಪಿಗೆ ಮೈಕು ಕಟ್ಟಿಕೊಂಡು ಸಾರಿ ಹೋದರು. ಹೊಸ ನೀರು ಬರುವ ದಿನ ನಮ್ಮ ಕಡೆ ಒಂದು ಸಂಭ್ರಮ. ಹೆಂಗಸರು ಅರಿಶಿನ ಕುಂಕುಮ, ಹೂವು, ಬಳೆ ತೆಗೆದುಕೊಂಡು ಮೆಟ್ಟಿಲಿಗೆ ಬಂದು ಗಂಗೆಗೆ ಪೂಜೆ ಮಾಡುತ್ತಿದ್ದರು. ಅವತ್ತು ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಅಮ್ಮ ಹೆಂಗಸರ ಗುಂಪಿನಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಅಜ್ಜಿ ಮುತ್ತೈದೆಯರ ನಡುವೆ ನಿಲ್ಲುತ್ತಿರಲಿಲ್ಲ. ದೂರದಲ್ಲಿ, ಮೋರಿಗೆ ಹತ್ತಿರವಾದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು.

ಗೆಳತಿ ನನ್ನ ಪಕ್ಕದಲ್ಲಿದ್ದವಳು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಪವರ್ ಒಳಗ ಐತಿ" ಎಂದಳು.

ಶಾಲೆ, ಹೊಸ ಪುಸ್ತಕ ಎಂದು ಆ ವಾರ ನಾವ್ಯಾರೂ ಆಡಲು ಹೋಗಿರಲಿಲ್ಲ. ಕಲ್ಲು ಸಂದಿನಲ್ಲೇ ಉಳಿದಿತ್ತು. ನೀರು ಬಂದರೆ ಮುಂದಿನ ಬೇಸಿಗೆಯ ತನಕ ಸಿಗುವುದಿಲ್ಲ, ಆಗಲೂ ಸಿಕ್ಕೀತು ಎಂಬ ಖಾತ್ರಿಯಿಲ್ಲ. ಬೇಡ ಎಂದು ನಾನು ಅವಳ ಲಂಗ ಹಿಡಿದುಕೊಂಡೆ. ಈಗ ಹೋಗಿ ಈಗ ಬಂದೆ, ನೀರು ಮೊದಲು ಕಾಲು ನೆನೆಯುವಷ್ಟೇ ಬರುತ್ತದೆ, ಹೋದ ವರ್ಷ ನೋಡಿದ್ದೇನೆ ಎಂದು ಹೇಳಿ ಕೊಸರಿಕೊಂಡು ಕಟ್ಟೆಯ ಮೇಲೆ ಓಡಿದಳು. ರಸ್ತೆ ದಾಟಿ ಆಚೆ ಇಳಿದು, ಕೆಳಗಿನ ಬಾಯಿಂದ ಮೋರಿಯೊಳಗೆ ಹೋದಳು.

ಅವಳು ಹೇಳಿದ್ದು ಸುಳ್ಳಲ್ಲ. ಕಾಲುವೆಯ ತಿರುವಿನಲ್ಲಿ ಕಾಣಿಸಿಕೊಂಡ ನೀರು ಮೊದಲು ಕಂದು ಬಣ್ಣದ ನಾಲಿಗೆಯ ಹಾಗೆ, ನೊರೆ ಕಟ್ಟಿಕೊಂಡು, ಹಳೆಯ ಚಪ್ಪಲಿ, ತೆಂಗಿನ ಚಿಪ್ಪು, ಕಾಗದ ನೂಕಿಕೊಂಡು ತೆವಳುತ್ತ ಬಂತು. ಹೆಂಗಸರು ಕೈಮುಗಿದರು. ಆದರೆ ಈ ವರ್ಷ ಮೇಲೊಂದು ಕಡೆ ಯಾರೋ ಹೊಲದ ಬೇಲಿಯನ್ನು ಕಿತ್ತು, ಜಾಲಿಯ ಮುಳ್ಳಿನ ರಾಶಿಯನ್ನು ಒಣ ಕಾಲುವೆಯಲ್ಲಿ ಒಟ್ಟಿದ್ದರು. ಆ ನಾಲಿಗೆಯ ಹಿಂದೆಯೇ ಮುಳ್ಳಿನ ಆ ರಾಶಿ ಉರುಳುತ್ತ ಬಂತು. ಅದರ ಹಿಂದೆ ತಡೆದು ನಿಂತಿದ್ದ ನೀರು ಮೊಣಕಾಲೆತ್ತರಕ್ಕೆ ನುಗ್ಗಿತು. ಮೆಟ್ಟಿಲ ಮೇಲಿದ್ದವರು ಸೀರೆ ಎತ್ತಿಕೊಂಡು ಹಿಂದೆ ಸರಿದರು.

ನಾನು ನೀರು ಒಳಹೋಗುವ ಕಡೆಗೆ, ಮೋರಿಯ ಮೇಲಿನ ಬಾಯಿಗೆ ಓಡಿದೆ. ಕಟ್ಟೆಯ ಮೇಲೆ ಹೊಟ್ಟೆಯೂರಿ ಮಲಗಿ ಒಳಗೆ ಕೂಗಿದೆ. ಅವಳ ದನಿ ಗೋಡೆಗೋಡೆಗೆ ಬಡಿದು ಬಂತು. ಕಲ್ಲು ಒಳಗೆ ಸಿಕ್ಕಿಕೊಂಡಿದೆ, ಬರುತ್ತಿಲ್ಲ ಎನ್ನುತ್ತಿದ್ದಳು. ಬಿಟ್ಟು ಬಾ ಎಂದು ನಾನು ಕೂಗುತ್ತಿರುವಾಗಲೇ ನನ್ನ ಕೆಳಗಿನಿಂದ ಆ ಮುಳ್ಳಿನ ರಾಶಿ ಮೋರಿಯ ಬಾಯಿಗೆ ಬಡಿದು, ಮುರಿದು, ಒಳಗೆ ಎಳೆದುಕೊಂಡು ಹೋಯಿತು. ಒಂದು ಕಿರುಚು ಕೇಳಿತು. ಆಮೇಲೆ ನೀರಿನ ಸದ್ದು ಬಿಟ್ಟು ಏನಿಲ್ಲ.

ಮುಳ್ಳು ಕೆಳಗಿನ ಬಾಯಲ್ಲಿ ಹೋಗಿ ಸಿಕ್ಕಿಕೊಂಡಿತ್ತು. ಆ ಕಡೆ ನೀರು ಹೊರಗೆ ಹೋಗದೆ, ಈ ಕಡೆಯಿಂದ ಬರುವುದು ನಿಲ್ಲದೆ, ಮೋರಿಯೊಳಗೆ ಏರತೊಡಗಿತು. ನನ್ನ ಕಣ್ಣೆದುರಿಗೇ ಮೇಲಿನ ಬಾಯಿ ಕಿರಿದಾಗುತ್ತಿತ್ತು. ಮೊದಲು ಒಬ್ಬರು ಬಗ್ಗಿ ಹೋಗುವಷ್ಟಿದ್ದ ಕತ್ತಲೆ ಈಗ ತೆವಳಿ ಹೋಗುವಷ್ಟಾಯಿತು.

ನಾನು ರಸ್ತೆಗೆ ಏರಿ ನಡುವೆ ನಿಂತೆ. ಖಾಲಿ ಲಾರಿಯೊಂದು ಸಂಡೂರಿನ ಕಡೆ ಹೊರಟಿತ್ತು. ಬ್ರೇಕು ಕಿರುಗುಟ್ಟಿ ನಿಂತಿತು. ಡ್ರೈವರೂ ಕ್ಲೀನರೂ ಇಳಿದು ಬಂದರು. ಅಷ್ಟರಲ್ಲಿ ನನ್ನ ಕೂಗಾಟಕ್ಕೆ ಜನ ಸೇರಿದ್ದರು. ನೀರು ಬಿಡುವ ಗೇಟು ಮುಚ್ಚಿಸಬೇಕು ಎಂದು ಒಬ್ಬರು ಸೈಕಲ್ ಹತ್ತಿ ಹೋದರು. ಗೇಟು ಇದ್ದದ್ದು ಬಹಳ ದೂರ. ಕೆಳಗಿನ ಮುಳ್ಳು ಕೀಳಬೇಕು ಎಂದು ಇಬ್ಬರು ಆ ಕಡೆ ಇಳಿದರು. ಮುಳ್ಳು ಹೋದರೆ ನೀರಿನ ಜೊತೆ ಹುಡುಗಿಯೂ ಕೊಚ್ಚಿಹೋಗುತ್ತಾಳೆ ಎಂದು ಇನ್ನೊಬ್ಬರು ತಡೆದರು. ಗೆಳತಿಯ ಅವ್ವ ಅಲ್ಲಿರಲಿಲ್ಲ. ಬಾವಿ ನೀರಿನ ಗದ್ದೆಗೆ ನಾಟಿ ಮಾಡಲು ಹೋದವಳು ಇನ್ನೂ ಬಂದಿರಲಿಲ್ಲ.

ಆಗ ಅಜ್ಜಿಯನ್ನು ನೋಡಿದೆ. ಅವಳು ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಬೋಳಿಸಿದ ತಲೆ ಬಿಸಿಲಿಗೆ ತೆರೆದಿತ್ತು. ಹೊರಗಿನವರ ಎದುರು ಅವಳು ತಲೆಯ ಮೇಲಿನ ಸೆರಗು ಜಾರಲು ಬಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಡ್ರೈವರನ ಕಡೆ ತಿರುಗಿ, "ಹಗ್ಗ ಅದ ಏನಪಾ ಗಾಡ್ಯಾಗ?" ಎಂದಳು.

ತಾಡಪತ್ರಿ ಬಿಗಿಯುವ ದಪ್ಪ ಹಗ್ಗವನ್ನು ಕ್ಲೀನರ್ ತಂದ. ಅಜ್ಜಿ ಅದನ್ನು ತಾನೇ ಸೊಂಟಕ್ಕೆ ಸುತ್ತಿಕೊಂಡು ಗಂಟು ಹಾಕಿಕೊಂಡಳು. ಯಾರೋ ಗಂಡಸರು, ನೀವು ಬ್ಯಾಡ್ರಿ ಅಮ್ಮ, ನಾವು ನೋಡ್ತೀವಿ ಎಂದರು. ಹೊಳೆಯಲ್ಲಿ ಈಜು ಬರುವವರು ಯಾರಾದರೂ ಇದ್ದೀರೇನು ಎಂದು ಅಜ್ಜಿ ಕೇಳಿದಳು. ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮ ಓಡಿಬಂದು ಅಜ್ಜಿಯ ತೋಳು ಹಿಡಿದಳು. ಹೊರಗಿನ ನೀರು, ಸತ್ತ ಪ್ರಾಣಿ ತೇಲುವ ನೀರು, ಮಡಿ ಹೆಂಗಸಾದ ಅತ್ತೆ. ಅಮ್ಮನಿಗೆ ಏನು ಹೇಳಬೇಕೋ ತಿಳಿಯದೆ ಬರೀ ಹಿಡಿದುಕೊಂಡಿದ್ದಳು. ಅಜ್ಜಿ ಆ ಕೈ ಬಿಡಿಸಿದಳು.

"ಹಗ್ಗ ಎರಡು ಸಲ ಜಗ್ಗಿದರ ಎಳೀರಿ" ಎಂದು ಡ್ರೈವರನಿಗೆ ಹೇಳಿ ಕಟ್ಟೆಯ ಕಲ್ಲು ಹಿಡಿದು ಇಳಿದಳು. ನೀರು ಅವಳ ಎದೆಗೆ ಬಂತು. ಮೋರಿಯ ಬಾಯಲ್ಲಿ ಒಂದು ಗೇಣಷ್ಟೇ ಸಂದು ಉಳಿದಿತ್ತು. ಅವಳು ಒಮ್ಮೆ ಆಕಾಶದ ಕಡೆ ಮುಖವೆತ್ತಿ ಉಸಿರೆಳೆದುಕೊಂಡು ಮುಳುಗಿದಳು.

ಹಂಪಿಯ ಹೊಳೆಯಲ್ಲಿ ಹುಡುಗಿಯಾಗಿದ್ದಾಗ ಬಂಡೆಯಿಂದ ಬಂಡೆಗೆ ಈಜುತ್ತಿದ್ದೆ ಎಂದು ಅಜ್ಜಿ ಯಾವಾಗಲೋ ಹೇಳಿದ್ದಳು. ಮುದುಕರ ಮಾತೆಂದು ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಹಗ್ಗ ಡ್ರೈವರನ ಅಂಗೈಯಿಂದ ಸರಸರ ಜಾರುತ್ತಿತ್ತು. ಆಮೇಲೆ ನಿಂತಿತು. ಡ್ರೈವರ್ ಹಗ್ಗವನ್ನು ಬಿಗಿಯಾಗಿಯೂ ಹಿಡಿಯದೆ ಸಡಿಲವಾಗಿಯೂ ಬಿಡದೆ, ಗಾಳಕ್ಕೆ ಕೂತವನ ಹಾಗೆ ತುದಿಗಾಲಲ್ಲಿ ಕುಕ್ಕರಿಸಿದ್ದ. ನಾನು ಹಗ್ಗವನ್ನೇ ನೋಡುತ್ತಿದ್ದೆ. ನೀರು ಮೋರಿಯ ಬಾಯಿಯ ಮೇಲಿನ ಕಲ್ಲಿಗೆ ತಾಗಿತು. ಸಂದು ಮುಚ್ಚಿಹೋಯಿತು. ಅಮ್ಮನ ಕೈಯಿಂದ ತಟ್ಟೆ ಜಾರಿ ಕುಂಕುಮವೆಲ್ಲ ಕಟ್ಟೆಯ ಮೇಲೆ ಚೆಲ್ಲಿತು.

ಒಳಗೆ ಆದದ್ದನ್ನು ಗೆಳತಿ ನನಗೆ ಆಮೇಲೆ ಹೇಳಿದಳು. ಕಲ್ಲು ಅವಳ ಕೈಗೆ ಬಂದದ್ದು ಮುಳ್ಳು ಒಳಗೆ ನುಗ್ಗಿದ ಗಳಿಗೆಯಲ್ಲಿ. ಮುಳ್ಳು ಬೆನ್ನು ಕೊರೆದುಕೊಂಡು ಹೋಯಿತು. ನೀರು ಕಾಲು ಕಿತ್ತಾಗ ಅವಳು ಎಡಗೈಯನ್ನು ಆ ಸಂದಿನೊಳಗೆ ಹಾಕಿ ಜೋತುಬಿದ್ದಳು, ಬಲಗೈಯಲ್ಲಿ ಕಲ್ಲು. ನೀರು ಕುತ್ತಿಗೆಗೆ ಬಂತು, ಗದ್ದಕ್ಕೆ ಬಂತು. ನಡುಮಧ್ಯದಲ್ಲಿ ಮೋರಿಯ ಸೂರು ಎತ್ತರವಿದ್ದದ್ದರಿಂದ ಅಲ್ಲಿ ಉಸಿರಾಡಲು ಇನ್ನೂ ಸ್ವಲ್ಪ ಜಾಗವಿತ್ತು. ಕತ್ತಲಲ್ಲಿ ಯಾರೋ ಅವಳ ಜಡೆ ಹಿಡಿದರು. ದೆವ್ವ ಎಂದುಕೊಂಡಳು. ದನಿ ಕೇಳಿ ಗೊತ್ತಾಯಿತು.

ಅಜ್ಜಿ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, ಎರಡೂ ಕೈ ನನ್ನ ಕುತ್ತಿಗೆಗೆ ಹಾಕು ಎಂದಳಂತೆ. ಗೆಳತಿ ಎಡಗೈ ಹಾಕಿದಳು, ಬಲಗೈ ಹಾಕಲಿಲ್ಲ. ಕಲ್ಲು ಬಿಡು ಎಂದಳಂತೆ ಅಜ್ಜಿ. ಇದು ಅಪ್ಪ ಕೊಟ್ಟದ್ದು ಎಂದು ಇವಳು ಅಳಲು ಶುರುಮಾಡಿದಳು. ಅಷ್ಟು ಹೊತ್ತು ಅಳದಿದ್ದವಳು.

"ನನ್ನ ಕೈಯಾಗ ಕೊಡು, ನಾ ಹಿಡಕೋತೀನಿ" ಎಂದಳು ಅಜ್ಜಿ.

ಗೆಳತಿ ಕೊಟ್ಟಳು. ಅಜ್ಜಿ ಅವಳ ಎರಡೂ ಕೈಗಳನ್ನು ತನ್ನ ಕುತ್ತಿಗೆಯ ಹಿಂದೆ ಹೆಣೆದು ಹಿಡಿಸಿ ಹೇಳಿದಳು: "ಹುತುತು ಆಡೂ ಮುಂದ ಹಿಡಿತೀಯಲ್ಲ, ಹಂಗ ಉಸಿರು ಹಿಡಿ. ಬಾಯಿ ಮಾತ್ರ ತೆರೀಬ್ಯಾಡ."

ಹಗ್ಗ ಎರಡು ಸಲ ಜಗ್ಗಿತು. ಡ್ರೈವರ್, ಕ್ಲೀನರ್, ಕಟ್ಟೆಯ ಮೇಲಿದ್ದ ಗಂಡಸರು ಎಲ್ಲರೂ ಸೇರಿ ಎಳೆದರು. ನೀರಿನ ಸೆಳೆತಕ್ಕೆ ಎದುರಾಗಿ ಎಳೆಯುವುದು ಸುಲಭವಿರಲಿಲ್ಲ. ಹಗ್ಗ ಒಮ್ಮೆ ಮೋರಿಯ ಅಂಚಿನ ಕಲ್ಲಿಗೆ ಸಿಕ್ಕಿ ನಿಂತಿತು. ಯಾರೋ ದೇವರೇ ಎಂದರು. ಕ್ಲೀನರ್ ನೀರಿಗೆ ಇಳಿದು ಕಾಲಿನಿಂದ ಹಗ್ಗವನ್ನು ಕಲ್ಲಿನಿಂದ ಬಿಡಿಸಿದ. ಮತ್ತೆ ಎಳೆದರು. ಮೊದಲು ಕೆಂಪು ಸೀರೆಯ ತುದಿ ಕಂಡಿತು, ಆಮೇಲೆ ಅಜ್ಜಿಯ ಬೆನ್ನು, ಅವಳ ಕುತ್ತಿಗೆಯ ಹಿಂದೆ ಹೆಣೆದುಕೊಂಡ ಎರಡು ಸಣ್ಣ ಕೈಗಳು.

ಇಬ್ಬರನ್ನೂ ಕಟ್ಟೆಗೆ ಎಳೆದುಕೊಂಡರು. ಗೆಳತಿಯ ತುಟಿ ನೀಲಿಯಾಗಿತ್ತು, ಬಾಯಿ ಬಿಗಿದೇ ಇತ್ತು. ಡ್ರೈವರ್ ಅವಳ ಬೆನ್ನು ತಟ್ಟಿದ. ಅಜ್ಜಿ ಕೆಮ್ಮುತ್ತ ಕೆಮ್ಮುತ್ತಲೇ ಕೈಚಾಚಿ ಅವಳ ಕೆನ್ನೆಗೆ ಒಂದು ಹೊಡೆದಳು. ಆಗ ಅವಳು ಬಾಯಿ ತೆರೆದು ಉಸಿರೆಳೆದಳು. ಆ ಉಸಿರಿನ ಸದ್ದು ಕೇಳಿ ನಾನು ಅಲ್ಲೇ ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಅಜ್ಜಿಯ ಕೈಗಳನ್ನು ಹುಡುಕಿತು. ಎರಡೂ ಖಾಲಿ.

"ಹಿಡಕೋತೀನಿ ಅಂದ್ರಿ" ಎಂದಳು ಅವಳು.

"ಅಂದೆ" ಎಂದಳು ಅಜ್ಜಿ. "ಎರಡೂ ತರಾಕ ಆಗ್ತಿದ್ದಿಲ್ಲ. ನೀ ಬಿಡತಿದ್ದಿಲ್ಲ, ಅದಕ್ಕ ನಾ ಇಸಗೊಂಡು ಬಿಟ್ಟೆ."

ಗೆಳತಿ ಮುಖ ಆಚೆ ತಿರುಗಿಸಿಕೊಂಡಳು. ಅಲ್ಲಿದ್ದವರೆಲ್ಲ ಅಜ್ಜಿಯ ಕಾಲು ಮುಟ್ಟುವುದರಲ್ಲಿದ್ದರು, ಯಾರಿಗೂ ಇದು ಕೇಳಿಸಲಿಲ್ಲ. ಅಷ್ಟರಲ್ಲಿ ಅವಳ ಅವ್ವ ಮೈಯೆಲ್ಲ ಗದ್ದೆಯ ಕೆಸರಿನಲ್ಲಿ ಓಡಿಬಂದು ಮಗಳನ್ನು ಅಪ್ಪಿಕೊಂಡು, ಹೊಡೆದು, ಮತ್ತೆ ಅಪ್ಪಿಕೊಂಡಳು. ಅಜ್ಜಿಯ ಕಡೆ ತಿರುಗಿ ಕೈಮುಗಿದಳು. ಮುಟ್ಟಬಹುದೋ ಬಾರದೋ ತಿಳಿಯದೆ ಆ ಕೈಗಳು ಹಾಗೇ ನಿಂತವು. ಅಜ್ಜಿ ಎದ್ದು, ನೀರು ಸೋರುವ ಸೀರೆಯಲ್ಲೇ ಮನೆಗೆ ನಡೆದಳು. ಬಾವಿಯ ಹತ್ತಿರ ಕೂತು ತಲೆಯ ಮೇಲೆ ಕೊಡಗಟ್ಟಲೆ ನೀರು ಹೊಯ್ದುಕೊಂಡಳು. ರಾತ್ರಿ ಊಟ ಮಾಡಲಿಲ್ಲ.

ಗೆಳತಿಗೆ ಜ್ವರ ಬಂತು. ಬೆನ್ನಿನ ಮುಳ್ಳುಗಳನ್ನು ಆಸ್ಪತ್ರೆಯಲ್ಲಿ ತೆಗೆಸಿದರು. ಅವಳು ಮತ್ತೆ ನಮ್ಮ ಮನೆಯ ಕಡೆ ಬಂದದ್ದು ಶ್ರಾವಣದಲ್ಲಿ. ನಾನು ಕಿಟಕಿಯಿಂದ ರಿಮೋಟ್ ಕೊಟ್ಟೆ. ಅವಳು ಎಂದಿನಂತೆ ಕಟ್ಟೆಯ ಮೇಲೆ ಮಂಡಿಯೂರಿದಳು. ಆಡುತ್ತ ಸುರಂಗದ ತನಕ ಬಂದವಳು, ಪವರ್ ಇದ್ದ ಗೋಡೆಯನ್ನು ಒದೆಯದೆ ನೇರ ಬಂಡೆಗಳ ಕಡೆಗೆ ಹೋದಳು. ಮೊದಲನೆಯದನ್ನು ಹಾರಿದಳು, ಎರಡನೆಯದನ್ನೂ ಹಾರಿದಳು. ಮೂರನೆಯದು ತಾಗಿತು. ಮತ್ತೆ ಮೊದಲಿನಿಂದ ಆಡಿ ಮತ್ತೆ ಹಾಗೇ ಮಾಡಿದಳು.

ಅಜ್ಜಿ ನಡುಮನೆಯ ಬಾಗಿಲಲ್ಲಿದ್ದಳು. ಬಹಳ ಹೊತ್ತು ನೋಡಿ, "ಒಳಗ ಬಂದು ಕುಂದ್ರು. ಅಲ್ಲಿಂದ ಸರಿಯಾಗಿ ಕಾಣಂಗಿಲ್ಲ" ಎಂದಳು.

ಅಡಿಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ನಿಂತಿತು. ನಾನು ಎದ್ದು ಬಾಗಿಲು ತೆರೆಯಲು ಹೋದೆ.

"ಬ್ಯಾಡ್ರಿ ಅಮ್ಮಾರ, ಇಲ್ಲೇ ಚಲೋ ಐತಿ" ಎಂದಳು ಗೆಳತಿ. ದನಿಯಲ್ಲಿ ಸಿಟ್ಟಿರಲಿಲ್ಲ. ರಿಮೋಟನ್ನು ಕಿಟಕಿಯ ಒಳಗೆ ಇಟ್ಟು ಇಳಿದು ಹೋದಳು.

ಅಜ್ಜಿ ಇನ್ನೊಮ್ಮೆ ಕರೆಯಲಿಲ್ಲ. ಕರೆಯುವುದು ಅವಳ ಸ್ವಭಾವವಲ್ಲ. ಆದರೆ ಆ ಸಂಜೆ ಅವಳು ಜಪಮಣಿ ಹಿಡಿದು ಕೂತಲ್ಲಿ ಬೆರಳು ಸರಿಯುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಮುಂದಿನ ಭಾನುವಾರ ಗೆಳತಿಯ ಅಪ್ಪ ಬಂದ. ತೆಂಗಿನಕಾಯಿ, ಬಾಳೆಹಣ್ಣು, ಒಂದು ಕೆಂಪು ಸೀರೆಯನ್ನು ಕಟ್ಟೆಯ ಮೇಲೆ ಇಟ್ಟು ದೂರ ನಿಂತು ಕೈಮುಗಿದ. ಅಜ್ಜಿ ಹೊರಗೆ ಬಂದು ಅವನ ಎದುರಿಗೇ ಅದನ್ನು ಎತ್ತಿಕೊಂಡಳು. ಗಣಿಯವರು ಯಶವಂತನಗರದಲ್ಲಿ ಕ್ವಾರ್ಟರ್ಸ್ ಕೊಡುತ್ತಾರಂತೆ, ಕಾಲುವೆಯ ಪಕ್ಕ ಇನ್ನು ಇರುವುದು ಬೇಡ ಎಂದು ಹೆಂಡತಿ ಹಟ ಹಿಡಿದಿದ್ದಾಳೆ ಎಂದು ಅವನು ಹೇಳಿದ. ಮಗಳು ಎಲ್ಲಿ ಎಂದು ಅಜ್ಜಿ ಕೇಳಿದಳು. ಸಾಮಾನು ಕಟ್ಟುತ್ತಿದ್ದಾಳೆ ಎಂದ.

ಅವರು ಹೋದ ಮೇಲೆ ಗೆಳತಿಯನ್ನು ನಾನು ನೋಡಿದ್ದು ವರ್ಷಗಳ ನಂತರ, ಸಂಡೂರಿನ ಬಸ್ ನಿಲ್ದಾಣದಲ್ಲಿ. ಅವಳು ಅಲ್ಲಿಯ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದಳು, ಕುತ್ತಿಗೆಯಲ್ಲಿ ಸೀಟಿ ತೂಗುತ್ತಿತ್ತು. ಬಸ್ಸು ಹೊರಡುವ ಆತುರದಲ್ಲಿ ಮನೆಯವರ ಸುದ್ದಿ ಕೇಳಿದೆವು. ನಿಮ್ಮ ಅಜ್ಜಿ ಹೇಗಿದ್ದಾರೆ ಎಂದು ಅವಳೇ ಮೊದಲು ಕೇಳಿದಳು. ಚೆನ್ನಾಗಿದ್ದಾಳೆ ಎಂದೆ.

ಚೆನ್ನಾಗಿಯೇ ಇದ್ದಳು. ಕಿವಿಯೊಂದನ್ನು ಬಿಟ್ಟು. ಆ ಕಾಲುವೆಯ ನೀರು ಎಡಗಿವಿಗೆ ಹೋಗಿ ಕೀವಾಗಿ, ಅದು ಮತ್ತೆ ಸರಿಹೋಗಲಿಲ್ಲ. ಅಪ್ಪ ಬಳ್ಳಾರಿಯ ಡಾಕ್ಟರಿಗೆ ತೋರಿಸಿದ, ತಡವಾಗಿದೆ ಎಂದರು. ಮನೆಗೆ ಬಂದ ನೆಂಟರು ಯಾಕೆ ಕೇಳಿಸುವುದಿಲ್ಲ ಎಂದು ವಿಚಾರಿಸಿದರೆ ಅವಳು ಕಾಲುವೆಯ ಮಾತೆತ್ತುತ್ತಿರಲಿಲ್ಲ. ವಯಸ್ಸಾಯಿತಲ್ಲ ಎನ್ನುತ್ತಿದ್ದಳು. ನಾವೆಲ್ಲ ಅವಳ ಬಲಗಡೆ ಕೂತು ಮಾತಾಡುವುದನ್ನು ರೂಢಿಮಾಡಿಕೊಂಡೆವು.